ಮನೆಪಟ್ಟಿಯ ಮೂರನೇ ಸಾಲು

"ಮೂರನೆಯವರು ಎಲ್ಲಿ?" ಎಂದಳು ಏಳನೇ ಕಿಟಕಿಯ ಗುಮಾಸ್ತೆ.

ಮೇಸ್ತ್ರಿಗೆ ಮೊದಲು ಅರ್ಥವಾಗಲಿಲ್ಲ. ಆ ದೇಶದಲ್ಲಿ ಇಪ್ಪತ್ತೆರಡು ವರ್ಷ ಲಿಫ್ಟ್ ರಿಪೇರಿ ಮಾಡಿದ್ದರೂ, ಕಚೇರಿಯ ಗಾಜಿನ ಆಚೆಯಿಂದ ಬರುವ ಮಾತು ಅವನಿಗೆ ಒಂದೇ ಸಲಕ್ಕೆ ತಲೆಗೆ ಹತ್ತಿದ್ದಿಲ್ಲ. ಪ್ಲಾಸ್ಟಿಕ್ ಫೈಲಿನಿಂದ ಮತ್ತೆ ಒಂದೊಂದೇ ಕಾಗದ ತೆಗೆದು ಗಾಜಿಗೆ ಒತ್ತಿ ಹಿಡಿದು ತೋರಿಸಿದ. ಕರೆಂಟಿನ ಕಚೇರಿಯ ಚೀಟಿ, ನೀರಿನ ಕಚೇರಿಯ ಚೀಟಿ, ಮನೆ ಮಾಲೀಕನ ಪತ್ರ, ಕಂಪನಿಯವರು ಕೊಟ್ಟ ಸೇವೆ ಮುಗಿದ ಪತ್ರ. ಇಷ್ಟಕ್ಕೆ ಮೂರು ವಾರ ಅಲೆದಿದ್ದ. ಇನ್ನುಳಿದದ್ದು ಒಂದೇ, ಈ ಕಿಟಕಿಯಲ್ಲಿ ಕೊಡುವ ಬಿಡುಗಡೆ ಪತ್ರ. ಅದಿಲ್ಲದೆ ದೇಶ ಬಿಟ್ಟು ಹೋಗುವ ಯಾರನ್ನೂ ವಿಮಾನ ಹತ್ತಿಸುವುದಿಲ್ಲ. ವಿಮಾನ ಗುರುವಾರ. ಇವತ್ತು ಸೋಮವಾರ.

ಗುಮಾಸ್ತೆ ಆ ಕಾಗದಗಳನ್ನು ನೋಡಲೂ ಇಲ್ಲ. ತನ್ನ ಮುಂದಿದ್ದ ಹಾಳೆಯನ್ನು ತಿರುಗಿಸಿ ಗಾಜಿಗೆ ಹಿಡಿದಳು. ಅವನ ಮನೆಪಟ್ಟಿ. ಒಂದು ಮನೆಯಲ್ಲಿ ಯಾರ್‍ಯಾರು ಇದ್ದಾರೆ ಎಂದು ಸರ್ಕಾರ ಬರೆದಿಟ್ಟುಕೊಳ್ಳುವ ಪಟ್ಟಿ. ಮೊದಲ ಸಾಲಿನಲ್ಲಿ ಅವನು, ಎರಡನೇ ಸಾಲಿನಲ್ಲಿ ಹೆಂಡತಿ. ಮೂರನೇ ಸಾಲಿನ ಮೇಲೆ ಗುಮಾಸ್ತೆಯ ಬೆರಳಿತ್ತು. ಅಲ್ಲಿ, ಎಲ್ಲರೂ ಕಡ್ಡಿ ಎಂದು ಕರೆಯುತ್ತಿದ್ದ ಹುಡುಗನ ಪೂರ್ತಿ ಹೆಸರು, ಅದರ ಪಕ್ಕದಲ್ಲಿ, ಸಂಬಂಧ ಎಂಬ ಕಾಲಮಿನಲ್ಲಿ, ಆ ಭಾಷೆಯಲ್ಲಿ ತಮ್ಮ ಎಂಬುದಕ್ಕೆ ಇರುವ ಪದ.

ಮೇಸ್ತ್ರಿಗೆ ನಗುವೇ ಬಂತು. ಅಯ್ಯೋ, ಇವನಾ! ಇವನು ಇನ್ನೂ ಇಲ್ಲೇ ಕೂತಿದ್ದಾನಾ!

ಹನ್ನೊಂದು ವರ್ಷದ ಹಿಂದಿನ ಮಾತು. ಕಡ್ಡಿ ಆಗಷ್ಟೇ ಬಂದಿಳಿದು ಮೇಸ್ತ್ರಿಯ ಕೈಕೆಳಗೆ ಕೆಲಸಕ್ಕೆ ಸೇರಿದ್ದ. ಇಪ್ಪತ್ತನಾಲ್ಕರ ಗಂಡಾಳು, ಆದರೆ ಬಡಕಲು ಎಂದರೆ ಬಡಕಲು. ಲಿಫ್ಟಿನ ಬಾಗಿಲು ನಾಲ್ಕು ಬೆರಳು ತೆರೆದರೆ ಸಾಕು, ಇವನು ಒಳಗೆ ತೂರಿಕೊಳ್ಳುತ್ತಾನೆ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಹತ್ತು ದಿನದೊಳಗೆ ಯಾವುದಾದರೂ ಒಂದು ಮನೆಯ ಪಟ್ಟಿಯಲ್ಲಿ ಹೆಸರು ಸೇರದಿದ್ದರೆ ವಾಪಸು ಕಳಿಸುತ್ತಾರೆ. ಕಂಪನಿ ಕೊಡುತ್ತೇನೆಂದ ಕೋಣೆ ಸಿಕ್ಕಿರಲಿಲ್ಲ. ನಮ್ಮ ಮಾತಾಡುವವನು ಬೀದಿಪಾಲಾಗುವುದು ಬೇಡವೆಂದು ಮೇಸ್ತ್ರಿ ಅವನನ್ನು ಇದೇ ಕಟ್ಟಡಕ್ಕೆ ಕರೆತಂದಿದ್ದ. ಇವನು ನಿನಗೆ ಏನಾಗಬೇಕು ಎಂದು ಆಗಿದ್ದ ಗುಮಾಸ್ತ ಕೇಳಿದ. ತಮ್ಮ ಎಂದ ಮೇಸ್ತ್ರಿ. ಹಿಂದೆ ಮುಂದೆ ಯೋಚಿಸಲಿಲ್ಲ. ಯೋಚಿಸಲು ಏನಿತ್ತು? ನಮ್ಮಲ್ಲಿ ಬಸ್ಸಿನಲ್ಲಿ ಕಾಲು ತುಳಿದವನನ್ನೂ "ನೋಡ್ಕೊಂಡು ನಿಲ್ಲೋ ತಮ್ಮ" ಎಂದೇ ಬೈಯುವುದು. ದಾರಿಯಲ್ಲಿ ಹೋಗುವವರನ್ನೆಲ್ಲ ಅಕ್ಕ, ಅಣ್ಣ, ಮಾವ ಮಾಡಿಕೊಳ್ಳುವುದು ನಮ್ಮ ನಾಲಿಗೆಯ ಜಾಯಮಾನ. ಆ ದೇಶದಲ್ಲಿ ಹಾಗಲ್ಲ. ಅಲ್ಲಿ ತಮ್ಮ ಎಂದರೆ ಒಂದೇ ಹೊಟ್ಟೆಯಲ್ಲಿ ಹುಟ್ಟಿದವನು, ಬೇರೆ ಮಾತಿಲ್ಲ. ಗುಮಾಸ್ತ ಬರೆದುಕೊಂಡ, ಮೊಹರು ಒತ್ತಿದ.

ಮೆಟ್ಟಿಲು ಇಳಿಯುವಾಗ ಮೇಸ್ತ್ರಿಗೆ ಆದದ್ದೇನೆಂದು ಹೊಳೆದು, ಇಬ್ಬರೂ ಬೀದಿಯಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಮನೆಯಲ್ಲಿ ಹೆಂಡತಿ ಇನ್ನೂ ನಕ್ಕಳು. "ನಿಮ್ಮಮ್ಮನಿಗೆ ಒಂದು ಮಾತು ತಿಳಿಸ್ರೀ, ಈ ವಯಸ್ಸಲ್ಲಿ ಇನ್ನೊಂದು ಗಂಡುಮಗು ಆಗಿದೆ ಅಂತ" ಎಂದಿದ್ದಳು. ಎಂಟು ತಿಂಗಳು ಕಡ್ಡಿ ಅವರ ಮುಂದಿನ ಕೋಣೆಯಲ್ಲಿ ಮಲಗಿದ, ಅವಳನ್ನು ಅತ್ತಿಗೆ ಎಂದು ಕರೆದ, ಅವಳ ಕೈಯಲ್ಲಿ ಉಂಡ. ಆಮೇಲೆ ರೈಲಿನಲ್ಲಿ ಮೂರು ಗಂಟೆ ದೂರದ ಪಟ್ಟಣದಲ್ಲಿ ವೆಲ್ಡಿಂಗ್ ಷೆಡ್ಡು ಸೇರಿದ. ಆಗೀಗ ಫೋನು ಮಾಡುತ್ತಿದ್ದ, ಬರಬರುತ್ತಾ ಅದೂ ಕಡಿಮೆಯಾಯಿತು. ಪಟ್ಟಿ ಮಾತ್ರ ಎರಡು ವರ್ಷಕ್ಕೊಮ್ಮೆ ಹೊಸದಾಗುತ್ತಿತ್ತು, ಮೂರನೇ ಸಾಲು ಹಾಗೇ ನಕಲಾಗುತ್ತಿತ್ತು. ಇರಲಿ ಬಿಡು, ಇದ್ದರೆ ಯಾರಿಗೇನು ನಷ್ಟ ಎಂದು ಮೇಸ್ತ್ರಿ ಸುಮ್ಮನಿದ್ದ.

ಈಗ ಗುಮಾಸ್ತೆ ಅವನ ನಗುವನ್ನು ನೋಡಿದಳು. ತಾನು ನಗಲಿಲ್ಲ. ಫೋನೆತ್ತಿ ಎರಡು ಮಾತಾಡಿ, ಕಿಟಕಿಯ ಫಲಕವನ್ನು ಮುಚ್ಚಿದೆ ಎಂಬ ಕಡೆಗೆ ತಿರುಗಿಸಿದಳು. ಹಿಂದೆ ಸಾಲಿನಲ್ಲಿದ್ದವರು ಗೊಣಗುತ್ತಾ ಆರನೇ ಕಿಟಕಿಗೆ ಸರಿದರು.

ಬಂದವನು ತಿಳಿನೀಲಿ ಅಂಗಿಯ ಅಧಿಕಾರಿ. ಐವತ್ತರ ಹತ್ತಿರದವನು, ಮೆತ್ತಗಿನ ದನಿ. ಮೇಸ್ತ್ರಿಯ ಭುಜದ ಮೇಲೆ ಕೈಯಿಟ್ಟು, ಬನ್ನಿ ಒಳಗೆ ಕೂತು ಮಾತಾಡೋಣ ಎಂದು ಕರೆದುಕೊಂಡು ಹೋದ. ಒಳಗಿನ ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ. ಗೋಡೆಯ ಮೇಲೆ ಒಂದು ಕ್ಯಾಲೆಂಡರು ಸಹ ಇರಲಿಲ್ಲ. ಎದುರಿಗೆ ಇನ್ನೊಂದು ಬಾಗಿಲು. ಬಾಗಿಲುಗಳ ಜೊತೆಗೇ ಬಾಳುವೆ ಮಾಡಿದ ಮೇಸ್ತ್ರಿಯ ಕಣ್ಣಿಗೆ ಮೊದಲು ಬಿದ್ದದ್ದು ಅದೇ, ಅದಕ್ಕೆ ಈ ಕಡೆ ಹಿಡಿಕೆ ಇರಲಿಲ್ಲ. ಅಧಿಕಾರಿ ತಾನೇ ಎದ್ದು ಲೋಟದಲ್ಲಿ ನೀರು ತಂದುಕೊಟ್ಟ. ಇಪ್ಪತ್ತೆರಡು ವರ್ಷದಲ್ಲಿ ಆ ದೇಶದ ಯಾವ ಕಚೇರಿಯಲ್ಲೂ ಯಾರೂ ಅವನಿಗೆ ನೀರು ಕೊಟ್ಟಿರಲಿಲ್ಲ.

ಅಧಿಕಾರಿ ಎಲ್ಲವನ್ನೂ ನಿಧಾನವಾಗಿ, ಮಗುವಿಗೆ ಹೇಳುವಂತೆ ಹೇಳಿದ. ಮೂರನೆಯವನ ವಾಸದ ಕಾರ್ಡಿನ ಅವಧಿ ಮುಗಿದು ಆರು ವರ್ಷವಾಗಿದೆ. ಅವನ ಷೆಡ್ಡು ಮುಚ್ಚಿದೆ. ಅವನು ದೇಶ ಬಿಟ್ಟು ಹೋದ ದಾಖಲೆ ಇಲ್ಲ. ಅಂದಮೇಲೆ ಎಲ್ಲೋ ಇದ್ದಾನೆ. ಪಟ್ಟಿ ಖಾಲಿಯಾಗದೆ ಮನೆಯವರಿಗೆ ಬಿಡುಗಡೆ ಕೊಡಲು ಬರುವುದಿಲ್ಲ.

ಅವನು ಒಡಹುಟ್ಟಿದವನಲ್ಲ, ತಮ್ಮನ ಹಾಗೆ, ಎಂದು ಮೇಸ್ತ್ರಿ ಹೇಳಲು ಹೊರಟ. ಅಧಿಕಾರಿ ಕೈಯೆತ್ತಿ ತಡೆದ.

"ಹಾಗೆ ಅನ್ನೋದಕ್ಕೆ ನಮ್ಮ ಫಾರಮ್ಮಿನಲ್ಲಿ ಜಾಗ ಇಲ್ಲ. ಹೌದು ಅಥವಾ ಅಲ್ಲ, ಎರಡೇ. ಇವತ್ತು ಹೇಳಬೇಡಿ. ಬುಧವಾರ ಅವನನ್ನ ಕರ್ಕೊಂಡು ಬನ್ನಿ, ಅವನ ಎದುರಿಗೇ ಹೇಳಿ."

ಹೌದು ಎಂದರೆ ಅವನು ಮನೆಯವನು. ಮೂವರ ಫೈಲು ಒಂದಾಗುತ್ತದೆ, ಅವನ ಆರು ವರ್ಷದ ತಪ್ಪಿಗೆ ಮನೆಯ ಯಜಮಾನ ಜವಾಬು ಕೊಡುತ್ತಾನೆ, ವಿಚಾರಣೆ ಮುಗಿದ ಮೇಲೆ ಮೂವರೂ ಒಟ್ಟಿಗೆ ಊರಿಗೆ ಹೋಗಬಹುದು. ಎರಡು ತಿಂಗಳು, ಮೂರು ತಿಂಗಳು, ಹೇಳಲು ಬರುವುದಿಲ್ಲ. ಅಲ್ಲ ಎಂದರೆ ಅದು ಬರೆಯುವಾಗ ಆದ ಭಾಷೆಯ ತಪ್ಪು. ಒಂದು ತಿದ್ದುಪಡಿಗೆ ಸಹಿ ಹಾಕಿ, ಸಾಲು ಹೊಡೆದುಹಾಕಿ, ಗುರುವಾರ ವಿಮಾನ ಹತ್ತಬಹುದು. ಆ ಮೂರನೆಯವನ ವಿಚಾರ ಆಗ ಬೇರೆ. ಬೇರೆ ಎನ್ನುವಾಗ ಅಧಿಕಾರಿ ಹಿಡಿಕೆಯಿಲ್ಲದ ಬಾಗಿಲಿನ ಕಡೆ ನೋಡಲಿಲ್ಲ, ಮೇಸ್ತ್ರಿಯೇ ನೋಡಿದ. ಮೊದಲು ಕೆಲಸಮಾಡುತ್ತಿದ್ದ ಕಟ್ಟಡದ ಒಬ್ಬ ಬಣ್ಣ ಬಳಿಯುವವನು ಇಂಥದೇ ಬಾಗಿಲಿನೊಳಗೆ ಹೋದವನು, ಹದಿನಾಲ್ಕು ತಿಂಗಳ ಮೇಲೆ ಹೊರಗೆ ಬಂದಾಗ ತನ್ನ ಹೆಸರು ಕರೆದರೂ ತಿರುಗುತ್ತಿರಲಿಲ್ಲ ಎಂದು ಜನ ಹೇಳಿದ್ದನ್ನು ಅವನು ಕೇಳಿದ್ದ.

ಕರೆದುಕೊಂಡೇ ಬರದಿದ್ದರೆ, ಎಂದು ಕೇಳಿದ ಮೇಸ್ತ್ರಿ.

ಅಧಿಕಾರಿ ಬೇಸರದಿಂದ ತಲೆಯಾಡಿಸಿದ. ಆಗ ನಾವೇ ಹುಡುಕಬೇಕಾಗುತ್ತದೆ, ಅಲ್ಲಿಯವರೆಗೆ ನೀವಿಬ್ಬರೂ ಇಲ್ಲೇ. ಗುರುವಾರ ನಿಮ್ಮ ಕಾರ್ಡುಗಳ ಅವಧಿಯೂ ಮುಗಿಯುತ್ತದೆ, ನೋಡಿಕೊಂಡಿದ್ದೀರಲ್ಲ, ಎಂದ. ನೀರು ಕುಡಿಯಿರಿ ಎಂದು ನೆನಪಿಸಿದ.

ಆನೆ ಹೋಗಿ ಬಾಲ ಸಿಕ್ಕಿಕೊಂಡಿತು ಎಂದುಕೊಳ್ಳುತ್ತಾ ಮೇಸ್ತ್ರಿ ಮನೆಗೆ ಬಂದ. ಮನೆಯೆಂದರೆ ಈಗ ನಾಲ್ಕು ಗೋಡೆ, ಹಗ್ಗ ಬಿಗಿದ ಐದು ಪೆಟ್ಟಿಗೆ, ಒಂದು ಚಾಪೆ, ಒಂದು ಒಲೆ. ಮಂಚ ಬೀರುಗಳನ್ನು ಅಕ್ಕಪಕ್ಕದವರಿಗೆ ಕೊಟ್ಟಾಗಿತ್ತು. ಗೋಡೆಯಲ್ಲಿ ಬೀರು ನಿಂತಿದ್ದ ಜಾಗ ಮಾತ್ರ ಬೆಳ್ಳಗೆ ಉಳಿದಿತ್ತು. ಹೆಂಡತಿ ನೆಲದಲ್ಲಿ ಕೂತು ಹಳೆಯ ಹತ್ತಿ ಸೀರೆಗಳನ್ನು ಚೌಕ ಚೌಕವಾಗಿ ಹರಿದು ಮಡಿಸುತ್ತಿದ್ದಳು, ಹುಟ್ಟುವ ಕೂಸಿಗೆ. ಮಗಳಿಗೆ ಹೆರಿಗೆಗೆ ಹದಿನೆಂಟು ದಿನ ಹೇಳಿದ್ದರು.

ಈ ಮಗಳ ವಿಷಯ ಹೇಳಲೇಬೇಕು. ಅವಳಿಗೆ ಐದು ವರ್ಷವಾದಾಗ ಹೆಂಡತಿ ಅವಳನ್ನು ತನ್ನ ತಂಗಿಯ ಮನೆಯಲ್ಲಿ ಬಿಟ್ಟು ಗಂಡನ ಹಿಂದೆ ಬಂದವಳು. ಎರಡು ವರ್ಷ ಅಂದುಕೊಂಡದ್ದು ಇಪ್ಪತ್ತಾಯಿತು. ಹಲ್ಲು ಬಿದ್ದದ್ದು, ಶಾಲೆಯಲ್ಲಿ ಬಹುಮಾನ ಬಂದದ್ದು, ಮೈನೆರೆದದ್ದು, ಎಲ್ಲವನ್ನೂ ಫೋನಿನಲ್ಲಿ ಕೇಳಿದಳು. ಮದುವೆಗೆ ಹನ್ನೆರಡು ದಿನ ರಜೆ ಸಿಕ್ಕಿತ್ತು, ಅಷ್ಟೆ. ಮಗಳು ಚಿಕ್ಕಮ್ಮನನ್ನೇ ಅಮ್ಮ ಎನ್ನುತ್ತಾಳೆ, ಇವಳನ್ನು ಅಮ್ಮ ಎನ್ನುವ ಮುಂಚೆ ಒಂದು ಚೂರು ತಡೆಯುತ್ತಾಳೆ. ಆ ತಡೆ ಇವಳಿಗೆ ಕೇಳುತ್ತಿತ್ತು. ಈ ಹೆರಿಗೆಗೆ ನಾನೇ ಇರಬೇಕು, ನೀರು ಹಾಕುವುದು ನಾನೇ, ಇದೊಂದು ತಪ್ಪಿದರೆ ನಾನು ಸತ್ತಂತೆಯೇ ಎಂದು ಗಂಡನಿಗೆ ಹೇಳಿದ್ದಳು. ಅವಳು ಅಂಥ ಮಾತನ್ನು ಸುಮ್ಮಸುಮ್ಮನೆ ಆಡುವವಳಲ್ಲ.

ಮೇಸ್ತ್ರಿ ಅವಳಿಗೆ ಅರ್ಧ ಹೇಳಿದ. ಒಳಗೆ ಕೂರಿಸಿ ನೀರು ಕೊಟ್ಟರು, ಪಟ್ಟಿಯಲ್ಲಿ ಕಡ್ಡಿಯ ಹೆಸರಿದೆ, ಅವನು ಬಂದು ಒಂದು ಸಹಿ ಹಾಕಬೇಕು, ಹತ್ತು ನಿಮಿಷದ ಕೆಲಸ. ಎರಡು ತಿಂಗಳು ಮೂರು ತಿಂಗಳು ಎಂಬುದನ್ನು ಬಾಯಿಗೇ ತರಲಿಲ್ಲ. ಹಿಡಿಕೆಯಿಲ್ಲದ ಬಾಗಿಲನ್ನೂ ತರಲಿಲ್ಲ.

ಅವಳು ಬಟ್ಟೆ ಹರಿಯುವುದನ್ನು ನಿಲ್ಲಿಸಿದಳು. ನೀರು ಕೊಟ್ಟರು ಎಂದಿರಲ್ಲ ಎಂದಳು.

"ಹ್ಞೂಂ."

"ಹತ್ತು ನಿಮಿಷದ ಕೆಲಸಕ್ಕೆ ಒಳಗೆ ಕೂರಿಸಿ ನೀರು ಕೊಡ್ತಾರಾ?"

ಅವನು ಪೆಟ್ಟಿಗೆಯ ಹಗ್ಗವನ್ನು ಮತ್ತೆ ಬಿಗಿದ. ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಕಡ್ಡಿಗೆ ಕಾಗದವಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಕದ್ದುಮುಚ್ಚಿ ಬದುಕುವ ಬಾಳು ಅವನಿಗಾದರೂ ಎಷ್ಟು ದಿನ, ಅವನ ಹೆಸರೂ ನಮ್ಮ ಜೊತೆಗೇ ಇದೆ ಅಂದಮೇಲೆ ಅವನನ್ನೂ ಕರೆದುಕೊಂಡೇ ಹೋಗೋಣ, ಮೂವರೂ ಒಂದೇ ಸಲ ಈ ಊರಿನ ಋಣ ಹರಿದುಕೊಳ್ಳೋಣ ಎಂದಳು. ಅವಳ ಮುಖದಲ್ಲಿ ಗೆಲುವು ಸಹ ಬಂತು. ಆಮೇಲೆ ಗಂಡನ ಕಣ್ಣನ್ನೇ ನೋಡುತ್ತಾ ಒಂದು ಮಾತು ಸೇರಿಸಿದಳು.

"ಕರೆಸೋದಾದ್ರೆ ತಮ್ಮ ಅಂತ ಕರೆಸಿ, ತಮ್ಮ ಅಂತಾನೇ ಪಕ್ಕದಲ್ಲಿ ನಿಲ್ಲಿ. ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋ ಕೆಲಸ ಬೇಡ."

ನನ್ನನ್ನು ಏನೆಂದುಕೊಂಡಿದ್ದೀಯ ಎಂದು ಮೇಸ್ತ್ರಿ ರೇಗಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ರೇಗು ಅದು. ಅವಳಿಗೆ ಅದು ಗೊತ್ತಾಯಿತು, ಮತ್ತೆ ಬಟ್ಟೆ ಹರಿಯತೊಡಗಿದಳು.

ಫೋನು ಮೂರನೇ ಸಲಕ್ಕೆ ಸಿಕ್ಕಿತು. ಕಡ್ಡಿಯ ದನಿ ದಪ್ಪವಾಗಿತ್ತು, ಆದರೆ ಅಣ್ಣ ಎಂದು ಕರೆದದ್ದು ಹನ್ನೊಂದು ವರ್ಷದ ಹಿಂದಿನ ಹಾಗೇ. ಮೇಸ್ತ್ರಿ ಸಹಿಯ ಮಾತು ಹೇಳಿದ.

"ನಂದು ಕಾರ್ಡು ಸತ್ತು ಆರು ವರ್ಷ ಆಯ್ತಲ್ಲ ಅಣ್ಣ. ಅಲ್ಲಿಗೆ ಬಂದ್ರೆ ಏನೂ ತೊಂದರೆ ಇಲ್ಲ ತಾನೇ?"

"ನಾನಿದೀನಲ್ಲ" ಎಂದ ಮೇಸ್ತ್ರಿ.

ಇದು ಅವರಿಬ್ಬರ ಹಳೆಯ ಮಾತು. ಲಿಫ್ಟಿನ ಗುಂಡಿಗೆ ಕೆಳಗೆ ಇಳಿದವನು "ಅಣ್ಣಾ" ಎಂದು ಕೂಗಬೇಕು, ಮೇಲೆ ಮೆಷೀನಿನ ಹತ್ತಿರ ಇರುವವನು "ಇದೀನಿ" ಎನ್ನಬೇಕು. ಆಮೇಲೆಯೇ ಇಬ್ಬರಲ್ಲಿ ಯಾರಾದರೂ ಕೈ ಹಾಕುವುದು. ಮೇಲಿದ್ದವನು ಮರೆತು ಸ್ವಿಚ್ಚು ಒತ್ತಿದರೆ ಕೆಳಗಿದ್ದವನು ಅಲ್ಲಿಗೆ ಮುಗಿದ. ಎಂಟು ತಿಂಗಳಲ್ಲಿ ಮೇಸ್ತ್ರಿ ಒಮ್ಮೆಯೂ ಮರೆತಿರಲಿಲ್ಲ. ಆದ್ದರಿಂದಲೇ ಕಡ್ಡಿ ಮತ್ತೇನೂ ಕೇಳದೆ ಬರ್ತೀನಿ ಎಂದುಬಿಟ್ಟ. ಅಷ್ಟರಲ್ಲಿ ಹೆಂಡತಿ ಫೋನು ಕಸಿದುಕೊಂಡು, ಬಟ್ಟೆಬರೆ ಎಲ್ಲಾ ಕಟ್ಕೊಂಡೇ ಬಾರೋ, ನಮ್ಮ ಜೊತೇನೇ ಹೊರಡೋದು ಎಂದು ಹೇಳಿದಳು. ಮೇಸ್ತ್ರಿಗೆ ತಡೆಯಲಾಗಲಿಲ್ಲ. ತಡೆದರೆ ಯಾಕೆಂದು ಹೇಳಬೇಕಾಗುತ್ತಿತ್ತು.

ಬುಧವಾರ ಮೊದಲ ರೈಲಿಗೆ ಕಡ್ಡಿ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಒಂದು ಕ್ಯಾನ್ವಾಸ್ ಚೀಲ. ಮೈ ತುಂಬಿಕೊಂಡಿತ್ತು, ಕಿವಿಯ ಹತ್ತಿರ ಕೂದಲು ನರೆತಿತ್ತು, ಕೈ ಮೇಲೆಲ್ಲ ಬೆಂಕಿ ಕಿಡಿಯ ಕಲೆ. ಇನ್ನು ನಿನ್ನನ್ನು ಕಡ್ಡಿ ಅನ್ನೋದು ಹೇಗೋ, ಕೊರಡು ಅನ್ನಬೇಕು ಎಂದು ಅತ್ತಿಗೆ ನಗಾಡಿದಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಚಾಪೆಯ ಮೇಲೆ ಕೂರಿಸಿ ಊಟಕ್ಕಿಟ್ಟಳು. ಆರು ವರ್ಷ ಬೇರೊಂದು ಷೆಡ್ಡಿನ ಹಿಂದಿನ ಗೂಡಿನಲ್ಲಿ ಮಲಗಿದ್ದನ್ನು, ಜ್ವರ ಬಂದರೂ ಆಸ್ಪತ್ರೆಗೆ ಹೋಗಲು ಹೆದರಿದ್ದನ್ನು, ಟೋಪಿ ಹಾಕಿದವನನ್ನು ಕಂಡರೆ ಎದೆ ಹೊಡೆದುಕೊಳ್ಳುವುದನ್ನು ಅವನು ಬೇರೆ ಯಾರದೋ ಕಥೆಯೆಂಬಂತೆ ಹೇಳಿದ.

"ಸಾಕಾಗಿತ್ತು ಅತ್ತಿಗೆ. ಆದ್ರೆ ಹೋಗೋದು ಹೇಗೆ ಅಂತ ಗೊತ್ತಿರಲಿಲ್ಲ. ಅಣ್ಣನ ಪಟ್ಟೀಲಿ ಹೆಸರಿದೆ ಅನ್ನೋದೊಂದೇ ಧೈರ್ಯ ಇತ್ತು ನೋಡಿ."

ಮೇಸ್ತ್ರಿ ತಟ್ಟೆಯಲ್ಲಿ ಅನ್ನ ಬಿಟ್ಟು ಕೈ ತೊಳೆಯಲು ಎದ್ದ.

ಕಚೇರಿಗೆ ನಡೆದೇ ಹೋದರು, ಇಪ್ಪತ್ತು ನಿಮಿಷದ ದಾರಿ. ಚೀಲ ಮನೆಯಲ್ಲೇ ಬಿಟ್ಟು ಬಾ ಎಂದರೆ ಕಡ್ಡಿ ಕೇಳಲಿಲ್ಲ, ಹಳೆಯ ಕಾಗದಗಳೆಲ್ಲ ಅದರಲ್ಲೇ ಇವೆ, ಯಾವುದು ಕೇಳುತ್ತಾರೋ ಏನೋ ಎಂದ. ದಾರಿಯುದ್ದಕ್ಕೂ ಅವನೇ ಮಾತಾಡಿದ. ಊರಿಗೆ ಹೋದವನೇ ಗೇಟು ಗ್ರಿಲ್ಲಿನ ಕೆಲಸ ಹಿಡಿಯುತ್ತಾನಂತೆ. ಒಂದು ಸಣ್ಣ ಜಾಗ ಸಿಕ್ಕರೆ ಸಾಕಂತೆ. ಮೊದಲ ಗೇಟು ಅಣ್ಣನ ಮನೆಗೇ ಮಾಡಿಕೊಡುತ್ತಾನಂತೆ. ಹಾಲಿನ ಅಂಗಡಿಯ ತಿರುವಿನಲ್ಲಿ ಮೇಸ್ತ್ರಿ ಹೇಳಿಬಿಡೋಣ ಎಂದು ನಿಂತ. ಹೋಗು, ಇಲ್ಲಿಂದಲೇ ತಿರುಗಿ ಹೋಗು ಎನ್ನಲು ಅವನ ಬಾಯಿ ತೆರೆದಿತ್ತು. ಚಪ್ಪಲಿ ತುಂಡಾಯಿತಾ ಅಣ್ಣ ಎಂದು ಕಡ್ಡಿ ಬಗ್ಗಿ ನೋಡಿದ. ಇಲ್ಲ ಎಂದು ಮೇಸ್ತ್ರಿ ಮತ್ತೆ ನಡೆದ. ಹೌದು ಎಂದೇ ಹೇಳುತ್ತೇನೆ, ಆಗಿದ್ದಾಗಲಿ, ಎಂದು ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡ. ನಿಜವಾಗಿಯೂ ಮಾಡಿಕೊಂಡಿದ್ದ. ಕಚೇರಿಯ ಮೆಟ್ಟಿಲು ಹತ್ತುವಾಗ ಕಡ್ಡಿಗೆ ಆ ಭಾಷೆಯ ಮಾತನ್ನು ಎರಡು ಸಲ ಬಾಯಿಪಾಠ ಮಾಡಿಸಿದ. ಇವರು ನಿನಗೆ ಏನಾಗಬೇಕು ಎಂದರೆ ಅಣ್ಣ ಎನ್ನಬೇಕು. ಕಡ್ಡಿಗೆ ಆ ಭಾಷೆ ಷೆಡ್ಡಿಗೆ ಬೇಕಾದಷ್ಟೇ ಬರುತ್ತಿತ್ತು: ತಗೋ, ಹಿಡಿ, ನಿಲ್ಲಿಸು, ಆಯ್ತು ಸಾರ್.

ಅದೇ ಕೋಣೆ, ಅದೇ ಮೂರು ಕುರ್ಚಿ. ಅಧಿಕಾರಿ ಇವತ್ತು ಎರಡು ಲೋಟ ನೀರು ತಂದಿಟ್ಟ. ಕಡ್ಡಿ ತನ್ನದನ್ನು ಒಂದೇ ಗುಟುಕಿಗೆ ಕುಡಿದು ಥ್ಯಾಂಕ್ಸ್ ಸಾರ್ ಎಂದ. ಅಧಿಕಾರಿ ಮೇಜಿನ ಮೇಲೆ ಎಡಗಡೆಗೆ ಒಂದು ಕಾಗದದ ಕಟ್ಟು ಇಟ್ಟ, ಅರ್ಧ ಗೇಣು ದಪ್ಪ. ಬಲಗಡೆಗೆ ಒಂದೇ ಒಂದು ಹಾಳೆ ಇಟ್ಟ. ಆಮೇಲೆ ಮೇಸ್ತ್ರಿಯದೂ ಹೆಂಡತಿಯದೂ ವಾಸದ ಕಾರ್ಡುಗಳನ್ನು ಕೇಳಿ ಪಡೆದು, ಆ ಎರಡನ್ನೂ ದಪ್ಪ ಕಟ್ಟಿನ ಮೇಲೆ, ಅಂಚಿಗೆ ಅಂಚು ಕೂಡಿಸಿ ಇಟ್ಟ. ಹೌದು ಎಂದಾದರೆ ಇವು ಇಲ್ಲೇ ಇರುತ್ತವೆ ಎಂದ.

ಕಾರ್ಡಿನ ಮೇಲೆ ಹೆಂಡತಿಯ ಫೋಟೋ ಇತ್ತು. ಬಂದ ಹೊಸದರಲ್ಲಿ ತೆಗೆಸಿದ್ದು, ಮಗಳನ್ನು ಬಿಟ್ಟು ಬಂದ ತಿಂಗಳು. ಮೇಸ್ತ್ರಿ ಅದನ್ನು ನೋಡಿದ. ಹದಿನೆಂಟು ದಿನ ಈಗ ಹದಿನಾರಾಗಿತ್ತು. ಅವಳು ಹರಿದು ಮಡಿಸಿದ ಚೌಕಗಳು ಪೆಟ್ಟಿಗೆಯ ಮೇಲುಗಡೆಯೇ ಇದ್ದವು, ಇಳಿದ ತಕ್ಷಣ ಕೈಗೆ ಸಿಗಲೆಂದು.

"ಇವನು ನಿಮ್ಮ ತಮ್ಮನಾ?"

ಕಡ್ಡಿಗೆ ಆ ಒಂದು ಪದ ಗೊತ್ತಿತ್ತು. ಅವನು ಮೇಸ್ತ್ರಿಯ ಕಡೆ ತಿರುಗಿ ಮುಗುಳ್ನಕ್ಕ.

"ಅಲ್ಲ ಸಾರ್. ನಮ್ಮ ಭಾಷೆಯಲ್ಲಿ ಎಲ್ಲರನ್ನೂ ಹಾಗೆಯೇ ಕರೆಯುತ್ತೇವೆ. ಅದಕ್ಕೆ ಅರ್ಥವಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಪ್ಪತ್ತೆರಡು ವರ್ಷದಲ್ಲಿ ಮೇಸ್ತ್ರಿಯ ಬಾಯಿಂದ ಆ ಭಾಷೆ ಅಷ್ಟು ಶುದ್ಧವಾಗಿ, ಒಂದು ತೊದಲಿಲ್ಲದೆ ಬಂದದ್ದು ಅದೇ ಮೊದಲು. ಅಷ್ಟು ಬೇಗ ಬಂದದ್ದರಿಂದ ಕಡ್ಡಿಗೆ ಒಂದಕ್ಷರವೂ ತಿಳಿಯಲಿಲ್ಲ. ಅಧಿಕಾರಿ ತಲೆಯಾಡಿಸಿ, ಬರೆದುಕೊಂಡು, ಈಗ ಕಡ್ಡಿಯ ಕಡೆ ತಿರುಗಿ, ಬಿಡಿಸಿ ಬಿಡಿಸಿ ಅದೇ ಪ್ರಶ್ನೆ ಕೇಳಿದ. ಇವರು ನಿನಗೆ ಏನಾಗಬೇಕು?

ಕಡ್ಡಿ ಕುರ್ಚಿಯಲ್ಲಿ ನೆಟ್ಟಗೆ ಕೂತ. ಮೆಟ್ಟಿಲ ಮೇಲೆ ಕಲಿತದ್ದನ್ನು ಗಟ್ಟಿಯಾಗಿ, ಸ್ಪಷ್ಟವಾಗಿ ಒಪ್ಪಿಸಿದ. ಅಣ್ಣ, ಸಾರ್. ನನ್ನ ಅಣ್ಣ. ಅಧಿಕಾರಿ ಅದನ್ನೂ ಬರೆದುಕೊಂಡ. ಬರೆಯುವಾಗ ಅವನ ಹುಬ್ಬು ಸ್ವಲ್ಪ ಮೇಲೆ ಹೋಯಿತು. ಕಾಗದವಿಲ್ಲದ ಆರು ವರ್ಷದ ಜೊತೆಗೆ ಈಗ ಎದುರಿಗೇ ಹೇಳಿದ ಸುಳ್ಳೂ ಸೇರಿತು ಎಂಬುದು ಮೇಸ್ತ್ರಿಗೆ ತಿಳಿಯಿತು.

"ಸರಿಯಾಗಿ ಹೇಳಿದ್ನಾ ಅಣ್ಣ?" ಎಂದು ಕಡ್ಡಿ ಮೆಲ್ಲಗೆ ಕೇಳಿದ.

"ಹೇಳಿದೆ" ಎಂದ ಮೇಸ್ತ್ರಿ.

ಅಧಿಕಾರಿ ಬಲಗಡೆಯ ಹಾಳೆಯನ್ನು ಮೇಸ್ತ್ರಿಯ ಮುಂದೆ ಸರಿಸಿದ. ಸಂಬಂಧ ಎಂಬ ಕಾಲಮಿನ ಎದುರು, ಏನೂ ಇಲ್ಲದಿದ್ದರೆ ಗೆರೆ ಎಳೆಯಿರಿ ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಮೇಸ್ತ್ರಿ ಗೆರೆ ಎಳೆದ. ಕೆಳಗೆ ಸಹಿ ಹಾಕಿದ. ಕಡ್ಡಿ ತನಗೂ ಪೆನ್ನು ಕೊಡುತ್ತಾರೆಂದು ಕೈ ಒರೆಸಿಕೊಂಡು ಕಾದಿದ್ದ. ಯಾರೂ ಕೊಡಲಿಲ್ಲ.

ಅಧಿಕಾರಿ ಮೇಜಿನ ಅಡಿಗೆ ಕೈಹಾಕಿ ಏನೋ ಒತ್ತಿದ. ಹಿಡಿಕೆಯಿಲ್ಲದ ಬಾಗಿಲು ಆ ಕಡೆಯಿಂದ ತೆರೆಯಿತು, ಇಬ್ಬರು ನಿಂತಿದ್ದರು. ಅವರೂ ಮೆತ್ತಗೇ ಮಾತಾಡಿದರು. ಅವನ ಸಹಿ ಒಳಗೆ ಎಂದು ಒಬ್ಬ ಹೇಳಿದ, ಚೀಲ ಒಳಗೆ ತರುವಂತಿಲ್ಲ ಎಂದು ಇನ್ನೊಬ್ಬ ಕೈಸನ್ನೆ ಮಾಡಿದ. ಕಡ್ಡಿಯ ಮುಖದಲ್ಲಿ ಒಂದು ಗಳಿಗೆ ಹೆದರಿಕೆ ಕಂಡಿತು. ಮೇಸ್ತ್ರಿಯ ಮುಖ ನೋಡಿದ. ಅಲ್ಲಿ ಏನು ಕಂಡನೋ, ಆ ಹೆದರಿಕೆಯನ್ನು ತಾನೇ ತಳ್ಳಿಕೊಂಡು ಚೀಲ ಚಾಚಿದ.

"ಹಿಡ್ಕೊಂಡಿರಿ ಅಣ್ಣ, ಬಂದೆ."

ಬಾಗಿಲು ಮುಚ್ಚುವಾಗ ಸದ್ದೇ ಆಗಲಿಲ್ಲ. ಒಳ್ಳೆಯ ಬಾಗಿಲು, ಚೆನ್ನಾಗಿ ಎಣ್ಣೆ ಹಾಕಿದ್ದರು.

ಹೊರಗಿನ ಹಜಾರದಲ್ಲಿ ಏಳನೇ ಕಿಟಕಿಯ ಗುಮಾಸ್ತೆ ಸ್ಕೇಲು ಇಟ್ಟು ಮೂರನೇ ಸಾಲಿನ ಮೇಲೆ ಕೆಂಪು ಗೆರೆ ಎಳೆದಳು. ಬಿಡುಗಡೆ ಪತ್ರ ಅಚ್ಚಾಗಿ ಬಂತು, ಇಬ್ಬರ ಹೆಸರು, ಗುರುವಾರದ ತಾರೀಖು, ದುಂಡನೆಯ ಮೊಹರು. ಸುಖವಾಗಿ ಹೋಗಿಬನ್ನಿ ಎಂದಳು. ಬನ್ನಿ ಎಂಬುದು ಅವರ ಭಾಷೆಯಲ್ಲಿ ಇರಲಿಲ್ಲ, ಮೇಸ್ತ್ರಿಯ ಕಿವಿ ತಾನೇ ಸೇರಿಸಿಕೊಂಡಿತು. ಪತ್ರವನ್ನು ಫೈಲಿಗೆ ಸೇರಿಸಿ ಅವನು ಹೊರಡಬೇಕಿತ್ತು. ಬೆಂಚಿನ ಮೇಲೆ ಕೂತ. ಚೀಲ ತೊಡೆಯ ಮೇಲಿತ್ತು. ಅದು ಭಾರವೇನೂ ಇರಲಿಲ್ಲ. ಹನ್ನೊಂದು ವರ್ಷಕ್ಕೆ ಇಷ್ಟೇನಾ ಎನ್ನುವಷ್ಟು ಹಗುರ.

ಒಂದು ಗಂಟೆ ಕಳೆಯಿತು, ಎರಡಾಯಿತು. ಜನ ಕಡಿಮೆಯಾದರು. ಫೋನು ಬಂತು.

"ಆಯ್ತಾ?" ಎಂದಳು ಹೆಂಡತಿ.

"ಆಯ್ತು. ಪತ್ರ ಕೊಟ್ರು."

ಅವಳು ಉಸಿರು ಬಿಟ್ಟದ್ದು ಇಲ್ಲಿಗೆ ಕೇಳಿಸಿತು. ಮಗಳ ಜೊತೆ ಈಗಷ್ಟೇ ಮಾತಾಡಿದೆ, ಬಾಮ್ಮ ಬೇಗ ಎಂದಳು, ತಡೆಯದೇ ಅಮ್ಮ ಎಂದಳು ಕಣ್ರೀ, ಎಂದು ಒಂದೇ ಉಸಿರಿಗೆ ಹೇಳಿದಳು. ಆಮೇಲೆ ಕೇಳಿದಳು.

"ಅವನೆಲ್ಲಿ? ಕೊಡಿ ಫೋನು, ರಾತ್ರಿ ಊಟಕ್ಕೆ ಏನು ಮಾಡ್ಲಿ ಕೇಳ್ತೀನಿ."

"ಒಳಗಿದಾನೆ."

"ಇನ್ನೂನಾ?"

"ಹ್ಞೂಂ, ಇನ್ನೂ."

ಅವಳು ಫೋನು ಇಡಲಿಲ್ಲ. ಕೊನೆಗೆ ಮೇಸ್ತ್ರಿಯೇ ಇಟ್ಟ.

ಬಾಗಿಲು ಹಾಕುವ ಹೊತ್ತಾಗಿತ್ತು. ಕಿಟಕಿಗಳ ಪರದೆ ಒಂದೊಂದಾಗಿ ಇಳಿದವು. ಕಾವಲುಗಾರ ಬೆಂಚುಗಳ ನಡುವೆ ಯಾರಾದರೂ ಏನಾದರೂ ಬಿಟ್ಟುಹೋಗಿದ್ದಾರಾ ಎಂದು ಬಗ್ಗಿ ನೋಡುತ್ತಾ ಬಂದ. ಮೇಸ್ತ್ರಿಯ ಎದುರು ನಿಂತ. ತೊಡೆಯ ಮೇಲೆ ಫೈಲು, ಅದರ ಮೇಲೆ ಚೀಲ. ಚೀಲದ ಪಟ್ಟಿಗೆ ಕಟ್ಟಿದ್ದ ರಟ್ಟಿನ ಚೂರಿನಲ್ಲಿ ಫೈಲಿನ ಮೇಲಿಲ್ಲದ ಬೇರೊಂದು ಹೆಸರಿರುವುದು ಅವನ ಕಣ್ಣಿಗೆ ಬಿತ್ತು. ಅವನು ತನ್ನ ಭಾಷೆಯಲ್ಲಿ, ಇದು ಯಾರದು ಎಂದು ಕೇಳಿದ.

"ನನ್ನ ತಮ್ಮಂದು" ಎಂದ ಮೇಸ್ತ್ರಿ.

ಹೇಳಿದ್ದು ನಮ್ಮ ಭಾಷೆಯಲ್ಲಿ. ಕಾವಲುಗಾರನಿಗೆ ಅರ್ಥವಾಗಲಿಲ್ಲ, ಆಂ ಎಂದು ಕಿವಿ ಮುಂದೆ ತಂದ. ಮೇಸ್ತ್ರಿ ಮತ್ತೆ ಹೇಳಲಿಲ್ಲ. ಕಾವಲುಗಾರ ಬೀದಿಯ ಬಾಗಿಲಿನ ಕಡೆ ಬೆರಳು ತೋರಿಸಿ, ಹಜಾರದ ಆ ತುದಿಯಿಂದ ದೀಪಗಳನ್ನು ಸಾಲು ಸಾಲಾಗಿ ಆರಿಸುತ್ತಾ ಬಂದ. ಮೇಸ್ತ್ರಿ ಚೀಲವನ್ನು ಒಂದು ತೊಡೆಯಿಂದ ಇನ್ನೊಂದಕ್ಕೆ ಬದಲಿಸಿಕೊಂಡು ಕೂತೇ ಇದ್ದ.